ಬ್ಯಾಗ್ ತೆಗೆದು ಇವತ್ತಿಗೆ ಒಂದು ವರ್ಷ

ಹೊಟ್ಟೆ ಮೇಲಿದ್ದ ಸ್ಟೋಮಾ (ಮಲ ಹೊರಗಿನ ಬ್ಯಾಗಿಗೆ ಬರೋ ಹಾಗೆ ಕರುಳನ್ನ ಹೊಟ್ಟೆ ಮೇಲೆ ತಂದು ಮಾಡಿದ ಬಾಯಿ) ಮುಚ್ಚಿ ಇವತ್ತಿಗೆ ಸರಿಯಾಗಿ ಒಂದು ವರ್ಷ. ತುಂಬಾ ಜನಕ್ಕೆ ಥ್ಯಾಂಕ್ಸ್ ಹೇಳೋದು ಬಾಕಿ ಇದೆ, ಹೇಳ್ದೇ ಇದ್ರೆ ಮನಸ್ಸಿಗೆ ಸಮಾಧಾನ ಇಲ್ಲ.

ನಂಗೆ ಅಲ್ಸರೇಟಿವ್ ಕೊಲೈಟಿಸ್, ಅಂದ್ರೆ ದೊಡ್ಡ ಕರುಳಲ್ಲಿ ಉರಿಯೂತ, ಹುಣ್ಣು ಆಗೋ ಕಾಯಿಲೆ, ಶುರುವಾಗಿ 16 ವರ್ಷ. ದಿನಕ್ಕೆ ಹತ್ತು ಹನ್ನೆರಡು ಸಲ ಟಾಯ್ಲೆಟ್, ರಕ್ತ, ಅದಕ್ಕೆ ಮೆಸಲಮೈನ್, ಸ್ಟೀರಾಯ್ಡ್ ಔಷಧಿ, ಅದ್ರಲ್ಲೇ ಕಾಲ ಕಳೀತು. ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂಗೆ ಎಲ್ಲ ಕಮ್ಮಿ ಆಯ್ತು, ದಿನಕ್ಕೆ ಒಂದೇ ಸಲ, ಕೆಲವು ದಿನ ಅದೂ ಇಲ್ಲ. ಮನೇಲಿ ಎಷ್ಟು ಖುಷಿ ಅಂದ್ರೆ ಅಮ್ಮ ಉಚ್ಚಂಗಿದುರ್ಗಕ್ಕೆ ಹೋಗಿ ಹರಕೆ ತೀರಿಸಿ ಬಂದ್ರು. ಆಮೇಲೆ ಹೊಟ್ಟೆ ಉಬ್ಬರ, ಉಂಡ ಮೇಲೆ ಹಿಂಡೋ ಥರ ನೋವು, ಮಲ ಸಣ್ಣಗೆ ಬತ್ತಿ ಥರ. ಗುಣ ಆಗಿದ್ದಲ್ಲ ಅದು, ದೊಡ್ಡ ಕರುಳು ಒಂದು ಕಡೆ ಕಿರಿದಾಗಿ ದಾರಿನೇ ಮುಚ್ಕೊಂಡು ಬರ್ತಿತ್ತು. ಕೊಲೈಟಿಸ್ ಇರೋರು ದಯವಿಟ್ಟು ಇದನ್ನ ನೆನಪಿಡಿ, ಭೇದಿ ಹೋಗಿ ಮಲಬದ್ಧತೆ ಬಂತು ಅಂದ್ರೆ ಡಾಕ್ಟರ್‌ಗೆ ಹೇಳಿ.

ಮೊದ್ಲು ತೋರಿಸಿದ ಕಡೆ ಬಯಾಪ್ಸಿ (ಕರುಳಿನ ಚೂರು ತೆಗೆದು ಮಾಡೋ ಪರೀಕ್ಷೆ) ಕ್ಲೀನ್ ಇದೆ, ಹಳೇ ಗಾಯ ಒಣಗಿದ ಕಲೆ ಅಷ್ಟೆ ಅಂದ್ರು. ಎರಡನೇ ಡಾಕ್ಟರ್ ಒಪ್ಪಲಿಲ್ಲ, ಅವ್ರಿಗೆ ನನ್ನ ಮೊದಲ ನಮಸ್ಕಾರ. ಪೇಪರ್ ಮೇಲೆ ಕರುಳಿನ ಚಿತ್ರ ಬರೆದು ಸಮಾಧಾನವಾಗಿ ಹೇಳಿದ್ರು, ಕ್ರೋನ್ಸ್ ಅನ್ನೋ ಇನ್ನೊಂದು ಕರುಳಿನ ಕಾಯಿಲೇಲಿ ಕರುಳು ಕಿರಿದಾಗೋದು ಸಾಮಾನ್ಯ, ಕೊಲೈಟಿಸ್‌ನಲ್ಲಿ ಅಷ್ಟು ಕಾಣಲ್ಲ, ಅದಕ್ಕೇ ಇಲ್ಲಿ ಕಿರಿದಾಗಿದ್ರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗೋವರೆಗೂ ಅನುಮಾನ ಬಿಡೋ ಹಾಗಿಲ್ಲ, ಕರುಳೊಳಗೆ ನೋಡೋ ಕ್ಯಾಮೆರಾ ಟ್ಯೂಬು (ಸ್ಕೋಪ್) ಆ ಜಾಗ ದಾಟ್ತಾನೇ ಇಲ್ಲ, ಬಯಾಪ್ಸಿಗೆ ಸಿಗೋದು ಮೇಲಿನ ಚೂರು ಮಾತ್ರ ಅಂತ. ದೊಡ್ಡ ಕರುಳು ಪೂರ್ತಿ ತೆಗೆದು ಸಣ್ಣ ಕರುಳಿನ ತುದಿಯಿಂದ ಒಳಗೇ ಮಲ ಶೇಖರಿಸೋ ಚೀಲ, ಜೆ ಪೌಚ್, ಮಾಡಿದ್ರು, ಅದು ಒಣಗೋವರೆಗೆ ಅಂತ ಸ್ಟೋಮಾ ಮಾಡಿ ಬ್ಯಾಗ್ ಹಾಕಿದ್ರು. ತೆಗೆದ ಕರುಳನ್ನ ಲ್ಯಾಬ್‌ನಲ್ಲಿ ನೋಡಿದಾಗ ಆ ಕಿರಿದಾದ ಜಾಗದಲ್ಲೇ ಕ್ಯಾನ್ಸರ್ ಶುರುವಾಗಿತ್ತು, ಲಿಂಫ್ ನೋಡ್‌ಗೆ ಹೋಗಿರ್ಲಿಲ್ಲ, ಕೀಮೋ ಬೇಕಾಗ್ಲಿಲ್ಲ. ಇನ್ನಾರು ತಿಂಗಳು ಸುಮ್ನಿದ್ದಿದ್ರೆ ಅನ್ನೋದು ಈಗ್ಲೂ ರಾತ್ರಿ ಎಚ್ಚರ ಮಾಡುತ್ತೆ.

ರಕ್ತ ಕೊಟ್ಟ ಮೂರು ಹುಡುಗ್ರಿಗೆ, ನನ್ನ ಕ್ಲಾಸ್ ನೋಡ್ಕೊಂಡ ಮೇಷ್ಟ್ರಿಗೆ, ಬ್ಯಾಗ್ ಲೀಕ್ ಆಗಿ ನಾನು ಅಳ್ತಾ ಇದ್ದಾಗ ಬೇರೆ ಏನೂ ಹೇಳ್ದೆ ಬಂದು ಕ್ಲೀನ್ ಮಾಡಿ ಪಕ್ಕದಲ್ಲಿ ಕೂತಿದ್ದ ಸಿಸ್ಟರ್‌ಗೆ ಥ್ಯಾಂಕ್ಸ್. ಗಂಜಿಗೆ ಉಪ್ಪು ಹಾಕಿ ಗಂಟೆಗೊಂದ್ಸಲ ಕುಡಿಸಿದ ಅಮ್ಮನಿಗೆ ಏನಂತ ಹೇಳ್ಲಿ.

ನನ್ನ ಹೆಂಡ್ತಿ ಮನೇಲಿ ಟೈಲರಿಂಗ್ ಮಾಡ್ತಾಳೆ. ಸ್ಟೋಮಾ ಮೊದಲ ಕೆಲವು ವಾರ ಕುಗ್ಗುತ್ತಾ ಹೋಗುತ್ತೆ, ಬ್ಯಾಗ್‌ನ ತೂತು ದೊಡ್ಡದಾದ್ರೆ ಸುತ್ತ ಚರ್ಮ ಸುಟ್ಟಂಗೆ ಉರಿಯುತ್ತೆ, ಹಾಗಾಗಿ ಅವ್ಳು ವಾರವಾರ ಅಳತೆ ತಗೊಂಡು ಒಂದು ಕೂದಲಷ್ಟೂ ಹೆಚ್ಚುಕಮ್ಮಿ ಇಲ್ದಂಗೆ ಕತ್ತರಿಸ್ತಿದ್ಲು. ಒಂದು ದಿನವೂ ಮುಖ ಸಿಂಡರಿಸ್ಲಿಲ್ಲ.

ಈಗ್ಲೂ ದಿನಕ್ಕೆ ಐದಾರು ಸಲ ಹೋಗ್ತೀನಿ, ಪೌಚ್ ಇದ್ದೋರಿಗೆ ಅದು ಮಾಮೂಲು, ಓಡ್ಬೇಕಾದ ಅವಸರ ಮಾತ್ರ ಇಲ್ಲ. ಹೋದ ವಾರ ದಾವಣಗೆರೆಯಿಂದ ಹುಬ್ಬಳ್ಳಿವರೆಗೂ ಬಸ್ಸಲ್ಲಿ ಕೂತೇ ಹೋದೆ, ಎಲ್ಲೂ ನಿಲ್ಲಿಸಿ ಅಂತ ಕೇಳ್ಲಿಲ್ಲ.

ಹಾಂ, ಒಂದು ಬಾಕ್ಸ್ ಬ್ಯಾಗ್ ಉಳ್ದಿದೆ, ಎಕ್ಸ್‌ಪೈರಿ ಆಗಿಲ್ಲ. ದಾವಣಗೆರೆ ಕಡೆ ಯಾರಿಗಾದ್ರೂ ಬೇಕಿದ್ರೆ ಹೇಳಿ, ತಂದ್ಕೊಡ್ತೀನಿ, ಅಳತೆ ತಗೊಂಡು ಕತ್ತರಿಸೋದು ಹೇಗೆ ಅಂತ ನನ್ನ ಹೆಂಡ್ತಿ ಬಂದು ತೋರಿಸ್ತಾಳೆ.