ಹಿರೇಬೆಣಕಲ್ ಗುಡ್ಡದ ಬುಡದ ಶಿಬಿರಕ್ಕೆ ಕೈ ಜೋಡಿಸಿದವರಿಗೆ

ನಮ್ಮ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ ಬಯಲು ಶಿಬಿರ ಮುಗಿಯಿತು. ಎಲ್ಲರೂ ಸುರಕ್ಷಿತವಾಗಿ ಮನೆ ಸೇರಿದ್ದಾರೆ. ಸಮಾರೋಪದ ದಿನ ಹಾರ ಹಾಕಿಸಿಕೊಂಡವರು ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಮತ್ತು ಅವರ ಜೊತೆ ಸಹಾಯಕ್ಕೆ ನಿಂತಿದ್ದ ನಾನು. ಆದರೆ ಶಿಬಿರ ನಡೆಸಿಕೊಟ್ಟ ಬಹಳ ಜನ ಆವತ್ತು ಅಲ್ಲಿರಲಿಲ್ಲ. ಒಬ್ಬರು ಕುರಿ ಹಿಂದೆ ಹೋಗಿದ್ದರು, ಕೆಲವರು ಕೂಲಿಗೆ, ಒಬ್ಬರು ಡ್ಯೂಟಿಗೆ. ಅವರ ಬಗ್ಗೆ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕುರಿ ಕಾಯುವ ಅಜ್ಜ. ಕೊಯ್ಲಾದ ಭತ್ತದ ಗದ್ದೆಯಲ್ಲಿ ನಮ್ಮ ಟೆಂಟು, ಪಕ್ಕದ ಹೊಲದಲ್ಲಿ ಅವರ ಕುರಿಹಿಂಡು. ಮಕ್ಕಳಿಗೆ ಗಂಟುಗಳ ಪಾಠ ನಡೆದಿತ್ತು. ರೀಫ್ ನಾಟ್ ಬೇಗ ಬಂತು. ಕ್ಲೋವ್ ಹಿಚ್ಚೂ ಬಂತು. ಶೀಟ್ ಬೆಂಡ್ ಮಾತ್ರ ಯಾರ ಕೈಗೂ ಹತ್ತಲಿಲ್ಲ. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸುವ ಗಂಟು ಅದು. ಅಜ್ಜ ದೂರದಿಂದ ನೋಡುತ್ತಾ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಬಂದು, "ತಮ್ಮಾ, ಇದನ್ನ ನಾವು ದಿನಾ ಕಟ್ತೀವಲ್ಲೋ" ಅಂದರು. ಮಕ್ಕಳನ್ನು ತಮ್ಮ ಕುರಿಹಟ್ಟಿಯ ಬಲೆಯ ಹತ್ತಿರ ಕರೆದುಕೊಂಡು ಹೋದರು. ಬಲೆಯ ಒಂದೊಂದು ಕಣ್ಣಿಗೂ ಅದೇ ಗಂಟು! ಹರಿದಿದ್ದ ಒಂದು ಮೂಲೆಯನ್ನು ಮಕ್ಕಳ ಕೈಯಿಂದಲೇ ಹೆಣೆಸಿದರು. ತಪ್ಪಿದರೆ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಒಬ್ಬರಿಗೂ ಗದರಲಿಲ್ಲ. ಸಂಜೆಗೆ ಆ ಮೂಲೆ ಗಟ್ಟಿಯಾಯಿತು, ಗಂಟೂ ಬಂತು. ಕುರಿ ಆ ಬಲೆಯೊಳಗೇ ಮಲಗಬೇಕು ಅಂತ ಗೊತ್ತಾದ ಮೇಲೆ ಯಾವ ಮಗುವೂ ಕಾಟಾಚಾರಕ್ಕೆ ಕಟ್ಟಲಿಲ್ಲ. ಪರೀಕ್ಷೆಗೆ ಕಲಿತದ್ದಕ್ಕೂ ಕೆಲಸಕ್ಕೆ ಕಲಿತದ್ದಕ್ಕೂ ಇರುವ ವ್ಯತ್ಯಾಸ ನನಗೆ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ. ಅಜ್ಜಾ, ನಿಮಗೆ ದೊಡ್ಡ ಶರಣು.

ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ತಮ್ಮ ಕೆಲಸ ಮುಗಿಸಿ ಸಂಜೆ ಬಂದರು. ನಮ್ಮದು ಭತ್ತದ ಸೀಮೆ. ಗದ್ದೆಯಲ್ಲಿ ಇಲಿ, ಇಲಿಯ ಹಿಂದೆ ಹಾವು. ಕೊಳಕುಮಂಡಲ ಕಚ್ಚಿದ ಸುದ್ದಿ ಕೇಳದ ಊರೇ ಇಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಕಚ್ಚಿದ ಕೈ ಕಾಲು ಅಲ್ಲಾಡದಂತೆ ನೋಡಿಕೊಳ್ಳಿ, 108ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆಗೆ ಹೋಗಿ. ಇಷ್ಟನ್ನು ಅವರು ಮಕ್ಕಳ ಬಾಯಲ್ಲೇ ಹೇಳಿಸಿದರು. ಆಮೇಲೆ ಎರಡು ಕೋಲು, ಒಂದು ಕಂಬಳಿಯಲ್ಲಿ ಸ್ಟ್ರೆಚರ್ ಮಾಡಿಸಿ, ಗದ್ದೆಯ ಬದುವಿನ ಮೇಲೆ ಹೊತ್ತು ನಡೆಸಿದರು. ಮಕ್ಕಳು ಈ ಪಾಠವನ್ನು ಮನೆಯ ಹಿರಿಯರಿಗೂ ಹೇಳುತ್ತಿದ್ದಾರೆ ಅಂತ ಈಗ ತಂದೆ ತಾಯಂದಿರಿಂದ ಕೇಳುತ್ತಿದ್ದೇನೆ. ಸಿಸ್ಟರ್, ಈ ಸುದ್ದಿ ನಿಮಗೆ ಮುಟ್ಟಲಿ.

ಗುಡ್ಡ ಹತ್ತಿಸಿದ ಊರಿನ ಹುಡುಗರನ್ನು ಮರೆಯಲಾರೆ. ಹಿರೇಬೆಣಕಲ್‌ನ ಕಲ್ಲಿನ ಮನೆಗಳಂಥ ಸಮಾಧಿಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಅಲ್ಲಿಗೆ ಹೋಗುವ ದಾರಿ ಬಂಡೆಗಳ ನಡುವೆ ತಪ್ಪಿಹೋಗುವಂಥದ್ದು. ಹುಡುಗರು ಮುಂದೆ ಹೋಗಿ ಕಡ್ಡಿ, ಕಲ್ಲು ಜೋಡಿಸಿ ದಾರಿ ಗುರುತು ಇಟ್ಟರು. ಮಕ್ಕಳು ಗುರುತು ಓದುತ್ತಾ ಹತ್ತಿದರು. ಇಳಿಯುವಾಗ ಎಲ್ಲ ಗುರುತೂ ಅಳಿಸಿಕೊಂಡು ಬಂದರು. ಸಮಾಧಿಯ ಕಲ್ಲಿನ ಮೇಲೆ ಯಾರೋ ಹೆಸರು ಗೀಚಿದ್ದು ನೋಡಿ ಒಬ್ಬ ಕಬ್ (ಸ್ಕೌಟ್‌ಗಿಂತ ಚಿಕ್ಕ ವಯಸ್ಸಿನ ತಂಡದ) ಹುಡುಗ, "ಇವರಿಗೆ ಯಾರೂ ಹೇಳ್ಲಿಲ್ವಾ ಸರ್?" ಅಂತ ಕೇಳಿದ. ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಪಂಚಾಯಿತಿಯ ವಾಟರ್‌ಮನ್ ಅಣ್ಣ ದಿನಾ ನೀರು ಬಿಟ್ಟರು. ನಕ್ಷತ್ರ ನೋಡುವ ರಾತ್ರಿ ನಮ್ಮ ಕಡೆಯ ಬೀದಿದೀಪಗಳನ್ನೂ ಆರಿಸಿದರು. ಧ್ರುವ ನಕ್ಷತ್ರ ನಮ್ಮ ಕೊಪ್ಪಳದ ಕಡೆ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಮೇಲಿರುತ್ತದೆ. ಕೈ ಚಾಚಿ ಅಳೆದರೆ ಒಂದೂವರೆ ಮುಷ್ಟಿ. ಅಷ್ಟು ಕೆಳಗಿರುವ ಸಣ್ಣ ಚುಕ್ಕಿ ಕಾಣಬೇಕಾದರೆ ಕತ್ತಲೆ ಬೇಕೇ ಬೇಕು. ಅಣ್ಣಾ, ಆ ಕತ್ತಲೆಗೂ ಥ್ಯಾಂಕ್ಸ್.

ರೊಟ್ಟಿ ಬಡಿದುಕೊಟ್ಟ ಅಕ್ಕಂದಿರಿಗೆ ಏನು ಹೇಳಲಿ? ಕೂಲಿಗೆ ಹೋಗುವ ಮುಂಚೆ, ನಸುಕಿನಲ್ಲೇ ಎದ್ದು ಬಡಿದರು. ಪುಂಡಿಪಲ್ಯ, ಗುರೆಳ್ಳು ಚಟ್ನಿ ತಮ್ಮ ಮನೆಯಿಂದಲೇ ತಂದರು. ಬಳ್ಳಾರಿ ಜಾಲಿ ಕಟ್ಟಿಗೆಯನ್ನು ಮುಳ್ಳು ತಾಗದಂತೆ ಹೇಗೆ ಹಿಡಿಯಬೇಕು, ಮೂರು ಕಲ್ಲಿನ ಒಲೆಯನ್ನು ಗಾಳಿಯ ದಿಕ್ಕು ನೋಡಿ ಹೇಗೆ ಹೂಡಬೇಕು ಅಂತ ಗಂಡುಮಕ್ಕಳಿಗೂ ಕಲಿಸಿದರು. ಅದು ಬಹಳ ಬೇಕಿತ್ತು.

ಗದ್ದೆ ಬಿಟ್ಟುಕೊಟ್ಟು, ಹಾಸಲು ಭತ್ತದ ಹುಲ್ಲನ್ನೂ ಕೊಟ್ಟ ರೈತರಿಗೆ, ಮೊದಲ ಸಲ ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಕಳಿಸಿದ ತಾಯಂದಿರಿಗೆ, ಮಕ್ಕಳ ಜೊತೆ ಟೆಂಟಿನಲ್ಲೇ ಮಲಗಿದ ಗೈಡ್ ಕ್ಯಾಪ್ಟನ್ ಮೇಡಂಗೆ ನಾನು ಋಣಿ.

ಮಕ್ಕಳೇ, ಸ್ಕೌಟ್ಸ್-ಗೈಡ್ಸ್‌ನ ದ್ವಿತೀಯ ಸೋಪಾನ ಹಂತದ ಪರೀಕ್ಷೆಗೆ ಹಗ್ಗ ತರುವುದು ಮರೆಯಬೇಡಿ. ಅಜ್ಜನ ಹಿಂಡು ಸಂಕ್ರಾಂತಿಯವರೆಗೂ ಇದೇ ಸೀಮೆಯಲ್ಲಿರುತ್ತದಂತೆ. ಗಂಟು ಮರೆತವರು ಅಲ್ಲಿಗೇ ಹೋಗಿ ಕೇಳಬಹುದು. ಹೋಗುವಾಗ ಕೈಯಲ್ಲಿ ನಾಲ್ಕು ರೊಟ್ಟಿ ಇರಲಿ.