ಇಡ್ಲಿಯಲ್ಲಿ ಪ್ಲಾಸ್ಟಿಕ್ ಚೂರು, ಕೇಳಿದ್ದಕ್ಕೆ ಅವ್ವನಿಗೆ ಅವಮಾನ

ಗೆ,
ಮಾಲಕರು,
ನಮ್ಮ ಬಡಾವಣೆಯ ನಾಷ್ಟಾ ಹೋಟೆಲ್,
ಕಲಬುರಗಿ.

ಮಾಲಕರೆ, ನಮಸ್ಕಾರ.

ಈ ಪತ್ರ ಬರೆಯುವುದು ಬೇಡ ಅಂತಲೇ ಹದಿನೆಂಟು ದಿನ ಕಾದೆ. ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ‘ಮಾಲಕರು ಊರಾಗಿಲ್ರಿ’ ಅಂದರು. ಎರಡನೇ ಸಲ ನನ್ನ ನಂಬರ್ ಬರೆದುಕೊಂಡರು, ಯಾರೂ ತಿರುಗಿ ಮಾಡಲಿಲ್ಲ. ಮೊನ್ನೆ ಶನಿವಾರ ನನ್ನ ದನಿ ಕೇಳಿದ ಕೂಡಲೇ, ‘ಅದೇ ಇಡ್ಲಿ ಅಕ್ಕೋರು ನೋಡು’ ಅಂತ ಪಕ್ಕದವರಿಗೆ ಹೇಳಿ, ನಕ್ಕು, ಫೋನ್ ಇಟ್ಟುಬಿಟ್ಟರು. ಆ ನಗು ನನಗೆ ಚೆನ್ನಾಗಿ ಕೇಳಿಸಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನೀವು ಆರು ಟೇಬಲ್ ಹಾಕಿ ಹೋಟೆಲ್ ಶುರು ಮಾಡಿದಾಗಿನಿಂದ ನಾವು ಬರುತ್ತಿದ್ದೇವೆ. ಅಪ್ಪ ಇದ್ದಾಗ ಅವರೂ ಬರುತ್ತಿದ್ದರು. ಪ್ರತಿ ಸೋಮವಾರ ಅವ್ವನನ್ನು ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋಗುತ್ತೇನೆ. ದರ್ಶನ ಮುಗಿಸಿ ಬರುವಾಗ ನಿಮ್ಮಲ್ಲಿ ಒಂದು ಪ್ಲೇಟ್ ಇಡ್ಲಿ, ಅರ್ಧ ಕಪ್ ಚಹಾ. ಅವ್ವನಿಗೆ ಈಗ 76. ಹಲ್ಲು ಹೋಗಿವೆ. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೂ ನುಂಗಲು ಕಷ್ಟಪಡುತ್ತಾಳೆ. ಸುಸಲಾ, ಮಿರ್ಚಿ ಭಜಿ ಅಂದರೆ ಅವಳಿಗೆ ಪ್ರಾಣ, ಈಗ ಅದನ್ನೆಲ್ಲ ಬಿಟ್ಟಿದ್ದಾಳೆ. ಹೊರಗೆ ತಿನ್ನುವುದು ಇಡ್ಲಿ ಒಂದೇ. ಅದೂ ನಿಮ್ಮಲ್ಲಿ ಮಾತ್ರ.

ಆರು ತಿಂಗಳಿಂದ ರುಚಿ ಕೆಟ್ಟಿದೆ. ಸಾಂಬಾರಿನಲ್ಲಿ ಬೇಳೆ ಇಲ್ಲ, ಬರೀ ಖಾರದ ನೀರು. 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಅಧಿಕೃತ ಗುರುತು, ಪಡೆದ ತೊಗರಿಯ ಊರು ನಮ್ಮದು. ಇಲ್ಲೇ ಬೇಳೆಗೆ ಬರ ಬಂದರೆ ಹೇಗೆ? ಆದರೂ ಸುಮ್ನೆ ಇದ್ದೆವು. ಅಡಿಗೆಯವರು ಬದಲಾಗಿರಬಹುದು, ಸರಿಯಾಗುತ್ತದೆ ಅಂದುಕೊಂಡೆವು.

ಆ ಸೋಮವಾರ ಅವ್ವ ಎರಡನೇ ಇಡ್ಲಿ ಮುರಿದು ಬಾಯಿಗೆ ಹಾಕಿಕೊಂಡವಳು ಅಗಿಯುವುದನ್ನು ನಿಲ್ಲಿಸಿದಳು. ಬೆರಳು ಹಾಕಿ ಏನೋ ತೆಗೆದಳು. ಕಿರುಬೆರಳ ಉಗುರಿನಷ್ಟು ಪ್ಲಾಸ್ಟಿಕ್ ಚೂರು. ಗಾಜಿನ ಹಾಗೆ ತೆಳ್ಳಗೆ, ಒಂದು ಅಂಚು ಬಿಸಿಗೆ ಸುರುಟಿಕೊಂಡಿತ್ತು. ಉಳಿದ ಇಡ್ಲಿ ತಿರುವಿ ನೋಡಿದೆ. ಬಟ್ಟೆ ಹಾಕಿ ಬೇಯಿಸಿದ ಇಡ್ಲಿಯ ತಳದಲ್ಲಿ ನೂಲಿನ ಗುರುತು ಸಣ್ಣ ಚೌಕ ಚೌಕವಾಗಿ ಮೂಡಿರುತ್ತದೆ. ಇದರ ತಳ ನುಣ್ಣಗೆ ಮಿಂಚುತ್ತಿತ್ತು, ನಡುವೆ ಹಾಳೆ ಮಡಚಿದ ಗೆರೆಗಳು. ಅಡಿಗೆಮನೆಯ ಬಾಗಿಲು ತೆರೆದೇ ಇತ್ತು. ನಿಮ್ಮ ಹುಡುಗ ಇಡ್ಲಿ ತಟ್ಟೆಯಿಂದ ಹಬೆಯಾಡುವ ಪ್ಲಾಸ್ಟಿಕ್ ಹಾಳೆ ಎಳೆಯುತ್ತಿದ್ದ.

ಅವ್ವ ತಾನೇ ಎದ್ದು ಗಲ್ಲೆಯ ಹತ್ತಿರ ಹೋದಳು. ಜಗಳಕ್ಕಲ್ಲ. ಅಂಗೈ ಮೇಲೆ ಚೂರು ಇಟ್ಟುಕೊಂಡು, ‘ತಮ್ಮಾ, ಇದೇನದ ನೋಡಪಾ. ನಾ ನುಂಗಿಬಿಡ್ತಿದ್ದೆ’ ಅಂದಳು.

ಗಲ್ಲೆಯಲ್ಲಿ ಕೂತವರು ತಲೆ ಎತ್ತಲಿಲ್ಲ. ‘ಬಟ್ಟಿ ಎಳಿ ಇರಬೇಕು, ಬಿಡ್ರಿ’ ಅಂದರು.

ನಾನು ಹೋಗಿ, ‘ಬಟ್ಟಿ ಹಿಂಗ ಮಿಂಚ್ತದೇನ್ರಿ? ಒಳಗ ಪ್ಲಾಸ್ಟಿಕ್ ಹಾಕ್ಲತ್ತಾರ, ನಾ ನೋಡೀನಿ’ ಅಂದೆ.

ಆಗ ಅವರು ಅವ್ವನ ಕಡೆ ತಿರುಗಿದರು. ನನ್ನ ಕಡೆ ಅಲ್ಲ, ಅವ್ವನ ಕಡೆ. ‘ಏ ಮುದುಕಿ, ನಿನಗ ಕಣ್ಣರೆ ಸರಿ ಕಾಣ್ತಾವೇನು? ನಲವತ್ತು ರೂಪಾಯಿ ಇಡ್ಲಿಗಿ ಎಷ್ಟು ಮಾತಾಡ್ತಿ?’ ಅಂದರು.

ಹೋಟೆಲ್ ತುಂಬಿತ್ತು. ನನ್ನ ಶಾಲೆಯ ಹುಡುಗನ ತಂದೆ ಮುಂದಿನ ಟೇಬಲ್‌ನಲ್ಲೇ ಇದ್ದರು. ಅವ್ವ ಮೆಲ್ಲಗೆ, ‘ರೊಕ್ಕದ ಮಾತಲ್ಲಪ್ಪ’ ಅಂದಳು. ಅವರು ಗಲ್ಲೆ ಎಳೆದು, ಐವತ್ತರ ನೋಟು ತೆಗೆದು ಎಸೆದರು. ‘ತಗೊಂಡು ಹೋಗ್ರಿ, ನಾಳಿಂದ ಮನ್ಯಾಗೇ ಮಾಡ್ಕೊಂಡು ತಿನ್ರಿ.’ ನೋಟು ಗಲ್ಲೆ ಮೇಲಿಂದ ಜಾರಿ ಅವ್ವನ ಕಾಲ ಹತ್ತಿರ ಬಿತ್ತು.

ಅವ್ವನಿಗೆ ಮೊಣಕಾಲು ನೋವು. ಬಗ್ಗಲು ಆಗುವುದಿಲ್ಲ. ಆದರೂ ಒಂದು ಕೈ ಗಲ್ಲೆಗೆ ಊರಿ ಬಗ್ಗಿದಳು. ಲಕ್ಷ್ಮಿ ಕಾಲ ಬಳಿ ಬಿದ್ದಿರಬಾರದು ಅನ್ನುವವಳು ಅವಳು. ನೋಟು ಎತ್ತಿ ಕಣ್ಣಿಗೆ ಒತ್ತಿಕೊಂಡು, ತಿರುಗಿ ನಿಮ್ಮ ಗಲ್ಲೆ ಮೇಲೇ ಇಟ್ಟಳು. ಆಟೊದಲ್ಲಿ ಮನೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ. ಆಮೇಲಿನ ಎರಡು ಸೋಮವಾರ ಗುಡಿಗೂ ಬರಲಿಲ್ಲ. ‘ಆ ದಾರಿ ಬ್ಯಾಡವ್ವ’ ಅಂದಳು.

ನನಗೆ ಪ್ಲಾಸ್ಟಿಕ್‌ಗಿಂತ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೆ.

ನಿಮಗೆ ನಿಯಮ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ರಾಜ್ಯದ 251 ಕಡೆ ಇಡ್ಲಿ ತಪಾಸಣೆ ಮಾಡಿತ್ತು. 52 ಕಡೆ ಪ್ಲಾಸ್ಟಿಕ್ ಹಾಳೆ ಬಳಸುವುದು ಸಿಕ್ಕಿತು. ಬಿಸಿಗೆ ಪ್ಲಾಸ್ಟಿಕ್‌ನಿಂದ ಕ್ಯಾನ್ಸರ್ ತರುವ ಅಂಶ ಇಡ್ಲಿಗೆ ಇಳಿಯಬಹುದು, ಇದನ್ನು ನಿಷೇಧಿಸುತ್ತೇವೆ ಅಂತ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದು ಎಲ್ಲ ಪೇಪರಿನಲ್ಲೂ ಬಂತು. ನಿಮ್ಮ ಟೇಬಲ್ ಮೇಲೆ ದಿನಾ ಪೇಪರ್ ಬಿದ್ದಿರುತ್ತದೆ. ಬಟ್ಟೆಯಾದರೆ ಪ್ರತಿ ಸಲ ನೆನೆಸಬೇಕು, ಹಿಂಡಬೇಕು, ಸಂಜೆ ಕುದಿಸಿ ಒಗೆಯಬೇಕು. ಹಾಳೆಯಾದರೆ ಎಳೆದರೆ ಬಂತು. ನಿಮ್ಮ ಆ ಸ್ವಲ್ಪ ಕೆಲಸ ಉಳಿಸಲು ನಮ್ಮ ಅವ್ವ ವಿಷ ತಿನ್ನಬೇಕಾ?

ಅವತ್ತು ಬಿಲ್ ಕೇಳಿದ್ದಕ್ಕೆ ಚೀಟಿ ಮೇಲೆ ಪೆನ್ನಿನಲ್ಲಿ ಗೀಚಿ ಕೊಟ್ಟರು. 2022ರ ಜನವರಿ 1ರಿಂದ ಬಿಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್ ಇರಲೇಬೇಕು. ನಿಮ್ಮ ಚೀಟಿಯಲ್ಲಿ ಹೋಟೆಲಿನ ಹೆಸರೂ ಇಲ್ಲ.

ಆ ಚೂರು ನನ್ನ ಹತ್ತಿರ ಇದೆ. ಕುಂಕುಮದ ಡಬ್ಬಿ ತೊಳೆದು, ಒರೆಸಿ, ಅದರಲ್ಲಿ ಇಟ್ಟಿದ್ದೇನೆ. ಇಡ್ಲಿಯ ಫೋಟೊ ಇದೆ, ಚೀಟಿ ಇದೆ. ಆಹಾರ ಸುರಕ್ಷತೆ ಕಾಯ್ದೆಯ 54ನೇ ಕಲಂ ಪ್ರಕಾರ ಆಹಾರದಲ್ಲಿ ಬೇರೆ ವಸ್ತು ಸಿಕ್ಕರೆ 1 ಲಕ್ಷ ರೂಪಾಯಿವರೆಗೆ ದಂಡ. ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾನೇ ಹೋಗಿ ಅರ್ಜಿ ಕೊಡುತ್ತೇನೆ, ವಕೀಲರು ಬೇಡ.

ನಿಮ್ಮ ಐವತ್ತು ರೂಪಾಯಿ ನನಗೆ ಬೇಡ. ಹಾಳೆ ತೆಗೆದು ಬಟ್ಟೆ ಹಾಕಿ. ಬರುವ ಸೋಮವಾರ ಅವ್ವನನ್ನು ಒಪ್ಪಿಸಿ ಗುಡಿಗೆ ಕರೆತರುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಹೋಟೆಲ್ ಮುಂದೆ ಆಟೊ ನಿಲ್ಲಿಸುತ್ತೇನೆ. ಗಲ್ಲೆಯವರು ಎದ್ದು ಹೊರಗೆ ಬಂದು, ಎಲ್ಲರ ಎದುರಿಗೆ ಅವಳಿಗೆ ‘ತಪ್ಪಾಯ್ತು’ ಅನ್ನಬೇಕು. ನೀವೂ ಜೊತೆಗಿರಬೇಕು.

ಅವರು ಹೊರಗೆ ಬರದಿದ್ದರೆ, ಮಂಗಳವಾರ ಕಚೇರಿ ತೆರೆಯುವ ಹೊತ್ತಿಗೆ ಆ ಡಬ್ಬಿ ಹಿಡಿದುಕೊಂಡು ಆಹಾರ ಸುರಕ್ಷತಾ ಅಧಿಕಾರಿಯ ಮುಂದೆ ನಿಂತಿರುತ್ತೇನೆ. ಅಲ್ಲಿಂದ ಮುಂದೆ ನೀವು ಫೋನ್ ಮಾಡಿದರೂ ನಾನು ಎತ್ತುವುದಿಲ್ಲ.

ಇತಿ,
ನಿಮ್ಮ ಹಳೆಯ ಗಿರಾಕಿ,
ಆ ತಾಯಿಯ ಮಗಳು