ಅಮೆರಿಕದಲ್ಲಿ ‘ಗೆದ್ದರು’ ಎಂದು ಹೇಳುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

2026ರ ನವೆಂಬರ್ 3ಕ್ಕೆ ಅಮೆರಿಕದ ಪ್ರತಿನಿಧಿ ಸಭೆಯ ಎಲ್ಲ 435 ಸ್ಥಾನಗಳಿಗೆ, ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೆ ಮತದಾನ. ಕನ್ನಡದಲ್ಲಿ ಇದನ್ನು ‘ಮಧ್ಯಂತರ ಚುನಾವಣೆ’ ಎಂದು ಬರೆಯುವ ರೂಢಿ ಇದೆ. ನಮ್ಮಲ್ಲಿ ಮಧ್ಯಂತರ ಎಂದರೆ ಸದನ ವಿಸರ್ಜನೆಯಾಗಿ ಅವಧಿಗೆ ಮೊದಲೇ ಬರುವ ಚುನಾವಣೆ. ಅಲ್ಲಿಯದು ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಟ್ಟನಡುವೆ, ತಪ್ಪದೆ ಬರುವ ಚುನಾವಣೆ. ಯಾವ ಸರ್ಕಾರವೂ ಬಿದ್ದಿರುವುದಿಲ್ಲ, ಫಲಿತಾಂಶ ಏನೇ ಬಂದರೂ ಅಧ್ಯಕ್ಷರು ಇಳಿಯಬೇಕಾಗಿಯೂ ಇಲ್ಲ. ‘ನಡು ಅವಧಿ ಚುನಾವಣೆ’ ಎಂದರೆ ಸಾಕು. ಆದರೆ ಓದುಗರನ್ನು ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಪದ ‘ಗೆದ್ದರು’.

ದಾವಣಗೆರೆಯಲ್ಲಿ ಎಣಿಕೆಯ ದಿನ ಹೇಗಿರುತ್ತದೆ ಎಂದು ಓದುಗರಿಗೆ ಗೊತ್ತು. ಬೆಳಿಗ್ಗೆ 8ಕ್ಕೆ ಅಂಚೆ ಮತ, ಅರ್ಧ ಗಂಟೆಯ ನಂತರ ಯಂತ್ರಗಳು, ಆಮೇಲೆ ಸುತ್ತಿನ ಮೇಲೆ ಸುತ್ತು. ಯಾವ ಮತಗಟ್ಟೆಯಲ್ಲಿ ಎಷ್ಟು ಮತ ಬಿದ್ದಿದೆ ಎಂಬುದು ಫಾರಂ 17ಸಿಯಲ್ಲಿ ಮೊದಲೇ ದಾಖಲಾಗಿರುತ್ತದೆ, ಏಜೆಂಟರ ಜೇಬಿನಲ್ಲೂ ಅದರ ಪ್ರತಿ ಇರುತ್ತದೆ. ಹಾಗಾಗಿ ಯಾವ ಸುತ್ತಿನಲ್ಲಾದರೂ ‘ಇನ್ನಿಷ್ಟು ಬಾಕಿ’ ಎಂದು ಖಚಿತವಾಗಿ ಹೇಳಬಹುದು. ಕೊನೆಗೆ ಚುನಾವಣಾಧಿಕಾರಿ ಪ್ರಮಾಣಪತ್ರ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು.

ಅಮೆರಿಕದಲ್ಲಿ ಇಡೀ ದೇಶದ ಮತ ಎಣಿಸಿ ಫಲಿತಾಂಶ ಹೇಳುವ ಆಯೋಗವೇ ಇಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಎಂಬ ಹೆಸರಿನದೊಂದು ಇದೆ, ಆದರೆ ಅದು ನೋಡಿಕೊಳ್ಳುವುದು ಪ್ರಚಾರದ ಹಣದ ಲೆಕ್ಕವನ್ನು. ಮತ ಎಣಿಸುವುದು ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಪಟ್ಟಣಗಳ ಮಟ್ಟದಲ್ಲಿ, ಅದೂ ಆಯಾ ರಾಜ್ಯದ ಕಾಯ್ದೆಯಂತೆ. ಅಧಿಕೃತ ಪ್ರಮಾಣೀಕರಣಕ್ಕೆ ವಾರಗಳು ಹಿಡಿಯುತ್ತವೆ. ಆ ರಾತ್ರಿ ‘ಗೆದ್ದರು’ ಎನ್ನುವವರು ಪತ್ರಕರ್ತರು. ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆ 1848ರಿಂದ ಈ ಕೆಲಸ ಮಾಡಿಕೊಂಡು ಬಂದಿದೆ. ಕೌಂಟಿಗಳಿಂದ ಬರುವ ಅಂಕಿಗಳನ್ನು ತಾಳೆ ನೋಡಿ, ಹಿಂದೆ ಬಿದ್ದವರಿಗೆ ಮುಂದೆ ಬರುವ ದಾರಿಯೇ ಉಳಿದಿಲ್ಲ ಎಂದು ಖಾತರಿಯಾದ ಮೇಲಷ್ಟೇ ಎಪಿ ಘೋಷಿಸುತ್ತದೆ. ಟಿವಿ ಜಾಲಗಳಿಗೂ ಅವರವರದೇ ‘ಡಿಸಿಷನ್ ಡೆಸ್ಕ್’, ಅಂದರೆ ಅಂಕಿ ನೋಡಿ ಗೆಲುವು ತೀರ್ಮಾನಿಸುವ ತಂಡಗಳು ಇವೆ. ಎಲ್ಲವೂ ಒಂದೇ ಹೊತ್ತಿಗೆ ಒಂದೇ ಮಾತು ಹೇಳಬೇಕೆಂದಿಲ್ಲ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಅರಿಜೋನಾ ರಾಜ್ಯ ಬೈಡನ್ ಪಾಲಾಯಿತೆಂದು ಫಾಕ್ಸ್ ನ್ಯೂಸ್ ಮತದಾನದ ರಾತ್ರಿಯೇ ಹೇಳಿತು, ಎಪಿ ಮರುದಿನ ನಸುಕಿಗೆ. ಉಳಿದ ದೊಡ್ಡ ಜಾಲಗಳು ಒಂದು ವಾರಕ್ಕೂ ಹೆಚ್ಚು ಕಾದವು. ಕೊನೆಯ ಅಂತರ 10,457 ಮತ.

ಎಡವಟ್ಟು ಎಲ್ಲಿ ಆಗುತ್ತದೆ ಎಂದು ತಿಳಿಯಲು 2000ದ ಅಧ್ಯಕ್ಷ ಚುನಾವಣೆಯ, ನವೆಂಬರ್ 7ರ ರಾತ್ರಿಯನ್ನು ನೋಡಬೇಕು. ಅಮೆರಿಕದ ಪೂರ್ವ ಕರಾವಳಿಯ ವೇಳೆಯಂತೆ ಸಂಜೆ 7.50ರ ಹೊತ್ತಿಗೆ ಟಿವಿ ಜಾಲಗಳು ಫ್ಲಾರಿಡಾವನ್ನು ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್ ಅವರಿಗೆ ಕೊಟ್ಟವು. ಆ ರಾಜ್ಯದ ಪಶ್ಚಿಮ ತುದಿ ಒಂದು ಗಂಟೆ ಹಿಂದಿನ ಕಾಲವಲಯದಲ್ಲಿದೆ, ಅಲ್ಲಿ ಜನ ಇನ್ನೂ ಮತ ಹಾಕುತ್ತಿದ್ದರು. 10ರ ಸುಮಾರಿಗೆ ಆ ಘೋಷಣೆ ವಾಪಸ್ ಬಂತು. ನಸುಕಿನ 2.16ಕ್ಕೆ ಫಾಕ್ಸ್ ನ್ಯೂಸ್ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ ಗೆದ್ದರೆಂದಿತು, ನಿಮಿಷಗಳಲ್ಲಿ ಉಳಿದ ಜಾಲಗಳೂ ಅದನ್ನೇ ಹೇಳಿದವು. 4ರ ಹೊತ್ತಿಗೆ ಅದೂ ವಾಪಸ್. ವೊಲೂಸಿಯಾ ಕೌಂಟಿಯ ಒಂದು ಮತಗಟ್ಟೆಯ ಮೆಮೊರಿ ಕಾರ್ಡ್ ಗೋರ್ ಲೆಕ್ಕದಲ್ಲಿ ಮೈನಸ್ 16,022 ಮತ ತೋರಿಸಿತ್ತು. ಮತ ಸೊನ್ನೆ ಇರಬಹುದು, ಸೊನ್ನೆಗಿಂತ ಕಡಿಮೆ ಇರಲಾರದು. ಆದರೂ ಆ ಅಂಕಿ ಒಟ್ಟು ಮೊತ್ತದೊಳಗೆ ಸೇರಿ, ಬುಷ್ ಮುನ್ನಡೆಯನ್ನು ಉಬ್ಬಿಸಿತು. ಅದರ ಮೇಲೆ, ಎಲ್ಲ ಜಾಲಗಳೂ ವೋಟರ್ ನ್ಯೂಸ್ ಸರ್ವಿಸ್ ಎಂಬ ಒಂದೇ ಮೂಲವನ್ನು ಬಹುವಾಗಿ ನೆಚ್ಚಿದ್ದವು. ಬಾವಿ ಒಂದೇ ಆದ ಮೇಲೆ ಕೊಡ ಎಷ್ಟಿದ್ದರೇನು? ಎಪಿ ಮಾತ್ರ ಆ 2.16ರ ಘೋಷಣೆಗೆ ಕೈಜೋಡಿಸಲಿಲ್ಲ. ಐದು ವಾರ ಜಗ್ಗಾಡಿ ಸುಪ್ರೀಂ ಕೋರ್ಟಿನಲ್ಲಿ ಮುಗಿದ ಆ ಸ್ಪರ್ಧೆಯಲ್ಲಿ ಫ್ಲಾರಿಡಾದ ಅಂತರ 537 ಮತ.

‘ಮುನ್ನಡೆ’ ಎಂಬ ಪದವೂ ಅಷ್ಟೇ ಅಪಾಯದ್ದು. ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮತ ಎರಡು ಲಕೋಟೆಗಳಲ್ಲಿ ಬರುತ್ತದೆ. ಹೊರಲಕೋಟೆಯ ಮೇಲೆ ಮತದಾರರ ಸಹಿ ಮತ್ತು ತಾರೀಖು, ಒಳಗೆ ಹೆಸರಿಲ್ಲದ ಇನ್ನೊಂದು ಲಕೋಟೆ. ಸಹಿ ನೋಡಿ, ಹೊರಗಿನದನ್ನು ಸೀಳಿ, ಒಳಗಿನದನ್ನು ಬೇರೆ ಮಾಡಿ, ಮತಪತ್ರದ ಮಡಿಕೆ ಬಿಡಿಸಿ ಸ್ಕ್ಯಾನರಿಗೆ ಕೊಡಬೇಕು. ಒಳಲಕೋಟೆ ಇಲ್ಲದಿದ್ದರೆ ಮತ ತಿರಸ್ಕೃತ. ಇಷ್ಟೂ ಕೆಲಸವನ್ನು ಮತದಾನದ ದಿನ ಬೆಳಿಗ್ಗೆ 7ಕ್ಕೆ ಮೊದಲು ಶುರು ಮಾಡುವಂತಿಲ್ಲ. 2020ರಲ್ಲಿ ಹೀಗೆ ಬಂದ ಮತ ಸುಮಾರು 26 ಲಕ್ಷ. ಅಂಚೆಯಲ್ಲಿ ಹಾಕಿದವರಲ್ಲಿ ಡೆಮಾಕ್ರಟರು ಹೆಚ್ಚು, ಮತಗಟ್ಟೆಗೆ ಹೋದವರಲ್ಲಿ ರಿಪಬ್ಲಿಕನ್ನರು ಹೆಚ್ಚು. ಮತಗಟ್ಟೆಯವು ಮೊದಲು ಎಣಿಕೆಯಾದ್ದರಿಂದ ಟ್ರಂಪ್ ಮುನ್ನಡೆ ಆರು ಲಕ್ಷ ದಾಟಿತ್ತು, ಕೊನೆಗೆ ಬೈಡನ್ 80,555 ಮತಗಳಿಂದ ಗೆದ್ದರು. ಯಾರೂ ಯಾರ ಮತವನ್ನೂ ಕದ್ದಿರಲಿಲ್ಲ, ಲಕೋಟೆ ಒಡೆಯುವ ಸರದಿ ಹಾಗಿತ್ತು. ಫ್ಲಾರಿಡಾದಲ್ಲಿ ಇದೇ ಕೆಲಸಕ್ಕೆ ವಾರಗಳ ಮೊದಲೇ ಅನುಮತಿ ಇರುವುದರಿಂದ ಅಲ್ಲಿನ ಲೆಕ್ಕ ರಾತ್ರಿಯೇ ಬಹುಪಾಲು ಮುಗಿಯುತ್ತದೆ. ‘ಮುನ್ನಡೆ’ ಎಂದು ಬರೆಯುವಾಗ ಯಾವ ಬಗೆಯ ಮತ ಎಣಿಕೆಯಾಗಿದೆ, ಯಾವುದು ಬಾಕಿ ಎಂಬ ಒಂದು ಸಾಲು ಜೊತೆಗಿರದಿದ್ದರೆ, ಮರುದಿನ ಅಂಕಿ ತಿರುಗಿದಾಗ ಓದುಗನಿಗೆ ಮೋಸದ ವಾಸನೆ ಬರುತ್ತದೆ. ಆ ಅನುಮಾನವನ್ನು ಹುಟ್ಟಿಸಿದ್ದು ಅರ್ಧ ಸುದ್ದಿ. ‘ಶೇ 80 ಎಣಿಕೆ ಮುಗಿದಿದೆ’ ಎಂಬುದೂ ಅಲ್ಲಿ ಅಂದಾಜು. ಅಂಚೆಯಲ್ಲಿ ಇನ್ನೆಷ್ಟು ಬರಲಿದೆ ಎಂದು ಹೇಳುವ 17ಸಿ ಅವರ ಬಳಿ ಇಲ್ಲ.

ಪಕ್ಷದ ವಿಷಯಕ್ಕೆ ಬಂದರೆ, ‘ಪಕ್ಷ ಟಿಕೆಟ್ ನೀಡಿತು’ ಎಂಬ ಮಾತು ಅಲ್ಲಿಗೆ ಒಪ್ಪುವುದಿಲ್ಲ. ಬಿ ಫಾರಂ ಇಲ್ಲ, ಹೈಕಮಾಂಡ್ ಪಟ್ಟಿಯೂ ಇಲ್ಲ. ಪ್ರೈಮರಿ ಎಂಬ ಮೊದಲ ಸುತ್ತಿನ ಮತದಾನದಲ್ಲಿ ಮತದಾರರೇ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. 2014ರಲ್ಲಿ ಪ್ರತಿನಿಧಿ ಸಭೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ವರ್ಜೀನಿಯಾದ ತಮ್ಮ ಕ್ಷೇತ್ರದಲ್ಲಿ, ಸ್ವಪಕ್ಷದ ಪ್ರೈಮರಿಯಲ್ಲೇ ಒಬ್ಬ ಕಾಲೇಜು ಪ್ರಾಧ್ಯಾಪಕರಿಗೆ ಸೋತರು. ಪಕ್ಷಾಂತರ ನಿಷೇಧ ಕಾಯ್ದೆಯೂ ಅಲ್ಲಿಲ್ಲ. 2017ರ ಜುಲೈನಲ್ಲಿ ಆರೋಗ್ಯ ವಿಮೆ ಮಸೂದೆ 49–51ರಲ್ಲಿ ಬಿದ್ದಾಗ ಜಾನ್ ಮೆಕೇನ್ ಸೇರಿ ಮೂವರು ರಿಪಬ್ಲಿಕನ್ ಸೆನೆಟರುಗಳು ವಿರುದ್ಧ ಮತ ಹಾಕಿದರು, ಯಾರ ಸ್ಥಾನವೂ ಹೋಗಲಿಲ್ಲ. ಇದನ್ನು ‘ಬಂಡಾಯ’ ಎಂದು ಬರೆದರೆ ನಮ್ಮ ಓದುಗರು ಉಚ್ಚಾಟನೆಯ ಸುದ್ದಿಗಾಗಿ ಕಾಯುತ್ತಾರೆ.

ಸಮೀಕ್ಷೆಗಳ ಬಗ್ಗೆ ಒಂದೇ ಮಾತು. ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಪ್ರತಿ ಅಭ್ಯರ್ಥಿಯ ಅಂಕಿಗೂ ಸುಮಾರು ಮೂರು ಶೇಕಡಾ ಅಂಶದ ಏರುಪೇರು ಇರುತ್ತದೆ, ಇಬ್ಬರ ನಡುವಿನ ಅಂತರಕ್ಕೆ ಅದು ಹೆಚ್ಚುಕಡಿಮೆ ಎರಡರಷ್ಟು. 48–46 ಎಂದರೆ ಸಮಬಲ ಎಂದೇ ಬರೆಯಬೇಕು.

‘ಅಮೆರಿಕದ ಮಾಧ್ಯಮಗಳು ಹೇಳಿವೆ’ ಎಂಬ ಸಾಲನ್ನೂ ದಯವಿಟ್ಟು ಕೈಬಿಡಿ. ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ವಾದಕ್ಕೆ ಜಾಗ ಕೊಡಬೇಕೆಂದು ರೇಡಿಯೊ, ಟಿವಿಗಳಿಗಿದ್ದ ನಿಯಮ 1987ರಲ್ಲೇ ಹೋಯಿತು. ಕೇಬಲ್ ವಾಹಿನಿಯ ರಾತ್ರಿಯ ನಿರೂಪಕರ ಮಾತು ಅಭಿಪ್ರಾಯ, ಅದೇ ವಾಹಿನಿಯ ಡಿಸಿಷನ್ ಡೆಸ್ಕಿನ ಮಾತು ಲೆಕ್ಕ. 2020ರ ಚುನಾವಣೆಯ ಬಗ್ಗೆ ಪ್ರಸಾರವಾದ ಸುಳ್ಳು ಆರೋಪಗಳ ಮೊಕದ್ದಮೆಯಲ್ಲಿ ಫಾಕ್ಸ್ ನ್ಯೂಸ್ 2023ರಲ್ಲಿ ಮತಯಂತ್ರದ ಕಂಪನಿ ಡೊಮಿನಿಯನ್‌ಗೆ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅರಿಜೋನಾದ ಲೆಕ್ಕ ಹೇಳಿದ್ದೂ ಅದೇ ವಾಹಿನಿ. ಯಾವ ವಾಹಿನಿ, ಯಾರ ಮಾತು, ಸುದ್ದಿಯೋ ಅಭಿಪ್ರಾಯವೋ ಎಂದು ಬರೆದರೆ ಒಂದು ಸಾಲು ಹೆಚ್ಚಾಗಬಹುದು, ಅಷ್ಟೇ.

ಇನ್ನು ಸಮಯದ ಲೆಕ್ಕ. ನವೆಂಬರಿನಲ್ಲಿ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಪೆನ್ಸಿಲ್ವೇನಿಯಾದ ಮತಗಟ್ಟೆಗಳು ರಾತ್ರಿ 8ಕ್ಕೆ ಮುಚ್ಚಿದಾಗ ಇಲ್ಲಿ ಬುಧವಾರ ಬೆಳಿಗ್ಗೆ 6.30, ಕ್ಯಾಲಿಫೋರ್ನಿಯಾ ಮುಗಿಯುವಾಗ 9.30. ಅಷ್ಟರಲ್ಲಿ ಪತ್ರಿಕೆ ದಾವಣಗೆರೆಯ ಮನೆಬಾಗಿಲಿಗೆ ಬಿದ್ದಿರುತ್ತದೆ. ಆದ್ದರಿಂದ ಬುಧವಾರದ ಸಂಚಿಕೆಯಲ್ಲಿ ಯಾವ ಸ್ಪರ್ಧೆ ಎಷ್ಟು ಹೊತ್ತಿಗೆ ತಿಳಿಯಬಹುದೆಂಬ ವೇಳಾಪಟ್ಟಿ ಕೊಡಿ. ಗುರುವಾರದ ಮುಖಪುಟದಲ್ಲಿ ‘ಎಪಿ ಪ್ರಕಾರ’ ಎಂಬ ಎರಡು ಪದಗಳು ತಲೆಬರಹದಲ್ಲೇ ಇರಲಿ, ಕೆಳಗೆ ಭಾರತೀಯ ಕಾಲಮಾನದಲ್ಲಿ ಎಷ್ಟು ಗಂಟೆಯ ಅಂಕಿ ಎಂದೂ ಇರಲಿ. ಆಮೇಲೂ ವಿದೇಶ ಪುಟದಲ್ಲಿ ಒಂದಿಷ್ಟು ಜಾಗ ಉಳಿಸಿಕೊಳ್ಳಿ. 2024ರಲ್ಲಿ ಮತದಾನ ನಡೆದದ್ದು ನವೆಂಬರ್ 5ಕ್ಕೆ, ಪ್ರತಿನಿಧಿ ಸಭೆ ರಿಪಬ್ಲಿಕನ್ನರದೆಂದು ಎಪಿ ಹೇಳಿದ್ದು 13ಕ್ಕೆ. ಕ್ಯಾಲಿಫೋರ್ನಿಯಾದ 13ನೇ ಕ್ಷೇತ್ರ ತೀರ್ಮಾನವಾದದ್ದು ಡಿಸೆಂಬರ್ ಮೊದಲ ವಾರದಲ್ಲಿ, 187 ಮತಗಳಿಂದ.

– ರಾಜ್ಯಶಾಸ್ತ್ರ ಅಧ್ಯಾಪಕ, ವಿದ್ಯಾನಗರ, ದಾವಣಗೆರೆ